ಸಹಾಯ ಬೇಕು: ಪಂಪ್‌ಸೆಟ್ ಎಸ್‌ಎಂಎಸ್‌ಗೆ 2ಜಿ ಸಾಕಾ, 4ಜಿ ಮಾಡ್ಯೂಲೇ ಬೇಕಾ?

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ನಮ್ಮ ಗದ್ದೆ. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಅಪ್ಪನ ಫೋನಿಗೆ ಎಸ್‌ಎಂಎಸ್ ಹೋಗಬೇಕು, ಅಷ್ಟೇ. ರಾತ್ರಿ ಹೊತ್ತು ಅವರು ಸುಮ್ನೆ ಪಂಪ್‌ಮನೆ ತನಕ ನಡೆಯೋದು ತಪ್ಪಬೇಕು.

ಆರ್ಡುಯಿನೊ ನ್ಯಾನೊ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡಿಗೆ ಸಿಮ್800ಎಲ್ (ಸಿಮ್ ಹಾಕಿ ಎಸ್‌ಎಂಎಸ್ ಕಳಿಸುವ 2ಜಿ ಮಾಡ್ಯೂಲ್) ಹಾಕಿದ್ದೇನೆ. ಜಿಯೋದಲ್ಲಿ 2ಜಿ ಇಲ್ಲ, ಅದಕ್ಕೆ ಬೇರೆ ಕಂಪನಿ ಸಿಮ್. ಸಿಗ್ನಲ್ ಕಳಿಸುವಾಗ ಕ್ಷಣಮಾತ್ರ 2 ಆಂಪಿಯರ್ ತನಕ ಎಳೆಯುತ್ತದೆ ಅಂತ ಲಿಥಿಯಂ ಸೆಲ್‌ನಿಂದ ನೇರ ಸಪ್ಲೈ, ಜೊತೆಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟಿದ್ದೇನೆ. ಮಂಡ್ಯದ ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆ, ನೆಟ್‌ವರ್ಕ್ ಸಿಕ್ಕ ಗುರುತಾಗಿ ಮಾಡ್ಯೂಲಿನ ಎಲ್‌ಇಡಿ 3 ಸೆಕೆಂಡಿಗೊಮ್ಮೆ ಮಿನುಗುತ್ತದೆ. ಗದ್ದೆಗೆ ಒಯ್ದರೆ ಸೆಕೆಂಡಿಗೊಮ್ಮೆ ಮಿನುಗುತ್ತಾ ನೆಟ್‌ವರ್ಕ್ ಹುಡುಕುತ್ತಲೇ ಇರುತ್ತದೆ. ಆಂಟೆನಾ ಬದಲಿಸಿದೆ, ಶೆಡ್ಡಿನ ಹೊರಗೂ ಇಟ್ಟು ನೋಡಿದೆ. ಅಲ್ಲೇ ಫೋನಿನಲ್ಲಿ 4ಜಿ ಚೆನ್ನಾಗಿ ಸಿಗುತ್ತದೆ!

ಎ7670ಸಿ 4ಜಿ ಮಾಡ್ಯೂಲ್ ಇದಕ್ಕಿಂತ ತುಂಬಾ ದುಬಾರಿ. ಮೇಲೆ ರೀಚಾರ್ಜ್ ಬೇರೆ. ಒಂದು ಎಸ್‌ಎಂಎಸ್‌ಗೆ ಇಷ್ಟು ಖರ್ಚು ಜಾಸ್ತಿ ಅಲ್ವಾ ಅನ್ನಿಸುತ್ತದೆ, ಆದರೆ ಅಪ್ಪನ ನಿದ್ದೆ ನನಗೆ ಮುಖ್ಯ.

ಈ ಕಡೆ ಹಳ್ಳಿಗಳಲ್ಲಿ 2ಜಿ ಮಾಡ್ಯೂಲ್ ಯಾರಿಗಾದರೂ ನಿಂತು ಕೆಲಸ ಮಾಡುತ್ತಿದೆಯಾ, ಯಾವ ಸಿಮ್‌ನಲ್ಲಿ? ಇಲ್ಲವಾದರೆ ಎ7670ಸಿಗೆ ಹೋದರೆ ನನ್ನ ಎಸ್‌ಎಂಎಸ್ ಕೋಡ್ ಹಾಗೇ ನಡೆಯುತ್ತದಾ, ಸಿಮ್ ಜೀವಂತ ಇಡಲು ತಿಂಗಳಿಗೆ ಕನಿಷ್ಠ ಎಷ್ಟು ಬೀಳುತ್ತದೆ?