ಎಚ್‌ಒಎಂ ಡಿಪ್ ಕಾಣಿಸುತ್ತಲೇ ಇಲ್ಲ, ಅಲೈನ್‌ಮೆಂಟ್ ತಪ್ಪಾ?

ಜೋಡಿಫೋಟಾನ್:
ಒಂದೇ ತರಹದ ಎರಡು ಫೋಟಾನ್ ಒಟ್ಟಿಗೆ ಬೀಮ್ ಸ್ಪ್ಲಿಟರ್ (ಬೆಳಕನ್ನು ಎರಡು ದಾರಿಗೆ ಹಂಚುವ ಭಾಗ) ಸೇರಿದರೆ ಎರಡೂ ಒಂದೇ ಕಡೆ ಹೊರಡುತ್ತವೆ, ಆಗ ಎರಡೂ ಡಿಟೆಕ್ಟರ್‌ನಲ್ಲಿ ಒಟ್ಟಿಗೆ ಬರುವ ಎಣಿಕೆ ತಗ್ಗುತ್ತದೆ. ಎಚ್‌ಒಎಂ (ಹಾಂಗ್-ಊ-ಮ್ಯಾಂಡೆಲ್) ಡಿಪ್ ಅಂದರೆ ಆ ತಗ್ಗು. ಅದಕ್ಕಾಗಿ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. 405 ನ್ಯಾನೋಮೀಟರ್ ಡಯೋಡ್ ಲೇಸರ್, ಟೈಪ್-1 ಬಿಬಿಒ ಹರಳು, ಹೊರಗೆ 810 ನ್ಯಾನೋಮೀಟರ್ ಫೋಟಾನ್ ಜೋಡಿ. ಎರಡೂ ದಾರಿಯಲ್ಲಿ 10 ನ್ಯಾನೋಮೀಟರ್ ಫಿಲ್ಟರ್, ಸಿಂಗಲ್ ಮೋಡ್ ಫೈಬರ್, ಕೊನೆಗೆ ಫೈಬರ್ ಬೀಮ್ ಸ್ಪ್ಲಿಟರ್. ಒಂದೊಂದು ಡಿಟೆಕ್ಟರ್‌ನಲ್ಲಿ ಸೆಕೆಂಡಿಗೆ 40,000 ಎಣಿಕೆ, ಕೋಇನ್ಸಿಡೆನ್ಸ್ (ಎರಡರಲ್ಲೂ ಒಟ್ಟಿಗೆ ಬಂದದ್ದು) 600. ಒಂದು ಕಪ್ಲರನ್ನು (ಬೆಳಕನ್ನು ಫೈಬರ್‌ಗೆ ಸೇರಿಸುವ ಭಾಗ) ಸರಿಯುವ ಸ್ಟೇಜ್ ಮೇಲಿಟ್ಟು 200 ಮೈಕ್ರಾನ್ ಹೆಜ್ಜೆಯಲ್ಲಿ 10 ಮಿಲಿಮೀಟರ್ ಸ್ಕ್ಯಾನ್ ಮಾಡಿದೆ. ಗ್ರಾಫ್ ಚಪ್ಪಟೆ. ನಾಲ್ಕು ಸಲ ಎಲ್ಲ ಬಿಚ್ಚಿ ಮತ್ತೆ ಕಟ್ಟಿದ್ದೂ ಆಯಿತು.

ಹಳೇಕನ್ನಡಿ:
ಐದನೇ ಸಲ ಬಿಚ್ಚಬೇಡಿ ಮಾರಾಯ್ರೇ! 600 ಬರುತ್ತಿದ್ದರೆ ಅಲೈನ್‌ಮೆಂಟ್ ಚೆನ್ನಾಗೇ ಇದೆ. ಡಿಪ್ ಎಷ್ಟು ಅಗಲ ಅಂತ ಲೆಕ್ಕ ಹಾಕಿದ್ರಾ? ತರಂಗಾಂತರದ ವರ್ಗವನ್ನು ಫಿಲ್ಟರ್ ಅಗಲದಿಂದ ಭಾಗಿಸಿ: 810 × 810 ÷ 10, ಅಂದರೆ ಸುಮಾರು 65 ಮೈಕ್ರಾನ್. 200ರ ಹೆಜ್ಜೆ ಇಟ್ಟರೆ ಅದನ್ನು ದಾಟಿಕೊಂಡೇ ಹೋಗುತ್ತೀರಿ.

ಹುಡುಕುವಾಗ ಮಾತ್ರ 3 ನ್ಯಾನೋಮೀಟರ್ ಫಿಲ್ಟರ್ ಹಾಕಿ. ಡಿಪ್ 220 ಮೈಕ್ರಾನ್‌ನಷ್ಟು ಅಗಲವಾಗುತ್ತದೆ, 50ರ ಹೆಜ್ಜೆ ಸಾಕು. ಎಣಿಕೆ ಇಳಿಯುತ್ತದೆ, ಹಾಗಾಗಿ ಪ್ರತಿ ಬಿಂದುವಿನಲ್ಲೂ ಜಾಸ್ತಿ ಹೊತ್ತು ಎಣಿಸಬೇಕು.

ಇನ್ನೊಂದು ವಿಷಯ. ಎರಡು ಫೈಬರ್‌ಗಳನ್ನು ಟೇಪ್ ಹಿಡಿದು ಅಳೆಯಿರಿ. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.45. ಫೈಬರ್‌ನಲ್ಲಿ 1 ಸೆಂಟಿಮೀಟರ್ ಹೆಚ್ಚುಕಮ್ಮಿ ಇದ್ದರೆ ಗಾಳಿಯಲ್ಲಿ ಅದು 14.5 ಮಿಲಿಮೀಟರ್. ನಿಮ್ಮ ಸ್ಟೇಜ್ ಅಷ್ಟು ದೂರ ಹೋಗುವುದೇ ಇಲ್ಲ, ಅಲ್ವಾ?

ಜೋಡಿಫೋಟಾನ್:
ಸಿಕ್ತು! ಒಂದು ಫೈಬರ್ 9 ಮಿಲಿಮೀಟರ್ ಉದ್ದ ಇತ್ತು. ಗಿಡ್ಡ ಫೈಬರ್ ಇರುವ ಕಡೆ ಕಪ್ಲರನ್ನು 13 ಮಿಲಿಮೀಟರ್ ಹಿಂದೆ ಸರಿಸಿದೆ, ಡಿಪ್ ಬಂತು. ಈಗ ಮತ್ತೆ 10 ನ್ಯಾನೋಮೀಟರ್ ಫಿಲ್ಟರ್ ಹಾಕಿ 5 ಮೈಕ್ರಾನ್ ಹೆಜ್ಜೆಯಲ್ಲಿ ನೋಡುತ್ತಿದ್ದೇನೆ. ಆದರೆ 600ರಿಂದ 240ಕ್ಕಷ್ಟೇ ಇಳಿಯುತ್ತಿದೆ. ಬರೀ 60%.

ಶೂನ್ಯಕಿರಣ:
ಬರೀ ಅನ್ನಬೇಡಿ. ಬೆಳಕನ್ನು ಅಲೆ ಅಂತಷ್ಟೇ ಲೆಕ್ಕ ಹಾಕಿದರೆ 50% ದಾಟುವ ಹಾಗಿಲ್ಲ. ಹಾಂಗ್, ಊ, ಮ್ಯಾಂಡೆಲ್ 1987ರಲ್ಲಿ ತೋರಿಸಿದ್ದು ನಿಮ್ಮ ಮೇಜಿನ ಮೇಲೂ ನಡೆಯುತ್ತಿದೆ.

ಕೋಇನ್ಸಿಡೆನ್ಸ್ ಕಿಟಕಿ (ಎಷ್ಟು ಹೊತ್ತಿನೊಳಗೆ ಬಂದರೆ ಒಟ್ಟಿಗೆ ಅಂತ ಎಣಿಸುವುದು) ಎಷ್ಟು? ಸ್ಪ್ಲಿಟರ್ ಅನುಪಾತ ಅಳೆದಿದ್ದೀರಾ?

ಜೋಡಿಫೋಟಾನ್:
10 ನ್ಯಾನೋಸೆಕೆಂಡ್. ಸ್ಪ್ಲಿಟರ್ 56:44.

ಶೂನ್ಯಕಿರಣ:
ಹಾಗಾದರೆ ಆಕಸ್ಮಿಕ ಎಣಿಕೆ 40,000 × 40,000 × 10 ನ್ಯಾನೋಸೆಕೆಂಡ್, ಸೆಕೆಂಡಿಗೆ 16. ಸ್ಪ್ಲಿಟರ್ ತಿನ್ನುವುದೂ 3% ಅಷ್ಟೇ. ಇವೆರಡೂ ಕಳ್ಳರಲ್ಲ. ನನ್ನ ಅನುಮಾನ ಧ್ರುವೀಕರಣದ (ಬೆಳಕಿನ ಅಲೆ ಕಂಪಿಸುವ ದಿಕ್ಕಿನ) ಮೇಲೆ. ಹರಳಿನಿಂದ ಎರಡೂ ಫೋಟಾನ್ ಒಂದೇ ಧ್ರುವೀಕರಣದಲ್ಲಿ ಹೊರಡುತ್ತವೆ, ನಿಜ. ಆದರೆ ಮಾಮೂಲಿ ಫೈಬರ್ ಬಗ್ಗಿದಲ್ಲೆಲ್ಲ ಅದನ್ನು ತಿರುಚುತ್ತದೆ. ಎರಡರ ನಡುವೆ 38 ಡಿಗ್ರಿ ಓರೆಯಾದರೂ ಸಾಕು, ಸುಮಾರು 60%ಕ್ಕೇ ಬಂದು ನಿಲ್ಲುತ್ತದೆ.

ಎರಡು ಫೈಬರ್‌ಗೂ ಪ್ಯಾಡಲ್ (ಫೈಬರ್ ಸುತ್ತಿ ತಿರುಗಿಸಿ ಧ್ರುವೀಕರಣ ಸರಿಪಡಿಸುವ ಸಾಧನ) ಹಾಕಿ. ಸ್ಪ್ಲಿಟರ್‌ನ ಒಂದು ಔಟ್‌ಪುಟ್ ಮತ್ತು ಡಿಟೆಕ್ಟರ್ ನಡುವೆ ಪೋಲರೈಸರ್ ಇಡಿ. ಒಂದು ದಾರಿ ಮುಚ್ಚಿ, ಇನ್ನೊಂದರ ಪ್ಯಾಡಲ್ ತಿರುಗಿಸಿ ಎಣಿಕೆ ಅತಿ ಕಡಿಮೆ ಮಾಡಿ. ಆಮೇಲೆ ಅದನ್ನು ಮುಚ್ಚಿ ಇದಕ್ಕೂ ಹಾಗೇ ಮಾಡಿ. ಅತಿ ಹೆಚ್ಚು ಎಣಿಕೆ ಹುಡುಕಬೇಡಿ. ಶಿಖರ ಮೊಂಡಾಗಿರುತ್ತದೆ, ಕಣ್ಣಿಗೆ ಮೋಸ ಮಾಡುತ್ತದೆ. ಕೊನೆಗೆ ಪೋಲರೈಸರ್ ತೆಗೆಯಲು ಮರೆಯಬೇಡಿ. ನಾನೊಮ್ಮೆ ಮರೆತು ಒಂದಿಡೀ ದಿನ ಕಳೆದಿದ್ದೆ.

ಜೋಡಿಫೋಟಾನ್:
600ರಿಂದ 54! 91%. ಸಂಜೆ ಯಾರೋ ಫೈಬರ್ ಮೇಲೆ ಮೊಣಕೈ ಇಟ್ಟರು, 70%ಕ್ಕೆ ಬಿತ್ತು. ಮತ್ತೆ ಪ್ಯಾಡಲ್ ತಿರುಗಿಸಿ ಸರಿ ಮಾಡಿದೆ. ಈಗ ಫೈಬರನ್ನೆಲ್ಲ ಮೇಜಿಗೆ ಟೇಪ್ ಹಾಕಿ ಅಂಟಿಸಿದ್ದೇನೆ.