6 ಅಡಿ 3 ಇಂಚು ಎತ್ತರ, ಎಂಜಿಬಿಯಲ್ಲಿ ಕೂರಲು ಆಗ್ತಿಲ್ಲ, ದಯವಿಟ್ಟು ದಾರಿ ಹೇಳಿ

ಉದ್ದ_ರಾಘು
ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಹುಡುಕಿ ಕೊನೆಗೂ ಒಂದು ಎಂಜಿಬಿ ತೆಗೆದುಕೊಂಡೆ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಆರು ತಿಂಗಳು ಕೆಲಸ ಮಾಡಿಸಿದೆ. ಎಂಜಿನ್ ಚೆನ್ನಾಗಿದೆ, ಬ್ರೇಕ್ ಚೆನ್ನಾಗಿದೆ, ಬಣ್ಣ ಹೊಸದು. ಆದರೆ ಓಡಿಸಲು ಆಗುತ್ತಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಐದಕ್ಕೆ ನಂದಿ ಬೆಟ್ಟಕ್ಕೆ ಹೊರಟೆ. ಮೇಖ್ರಿ ಸರ್ಕಲ್ ದಾಟುವಷ್ಟರಲ್ಲೇ ಬೆನ್ನು ಹಿಡಿಯಿತು. ಕ್ಲಚ್ ಒತ್ತಿ ಬಿಟ್ಟಾಗಲೆಲ್ಲ ಎಡ ಮಂಡಿ ಸ್ಟಿಯರಿಂಗ್‌ಗೆ ಬಡಿಯುತ್ತದೆ. ವಿಂಡ್‌ಸ್ಕ್ರೀನಿನ ಮೇಲಿನ ಪಟ್ಟಿ ಸರಿಯಾಗಿ ಕಣ್ಣಿನ ಮುಂದೆ ಬರುತ್ತದೆ. ಸಿಗ್ನಲ್ ನೋಡಬೇಕಾದರೆ ತಲೆ ಬಗ್ಗಿಸಬೇಕು. ದೇವನಹಳ್ಳಿ ಹತ್ತಿರ ಗಾಡಿ ನಿಲ್ಲಿಸಿ ಹತ್ತು ನಿಮಿಷ ನಡೆದಾಡಿ ವಾಪಸ್ ಬಂದೆ. ಬೆಟ್ಟ ಹತ್ತಲೇ ಇಲ್ಲ.

ಸೀಟು ಹಿಂದಕ್ಕೆ ಹೋಗುವಷ್ಟೂ ತಳ್ಳಿದ್ದೇನೆ. ಎಂಜಿಬಿ ಎತ್ತರದವರಿಗೆ ಒಳ್ಳೆಯದು ಅಂತ ಎಲ್ಲ ಕಡೆ ಓದಿಯೇ ತೆಗೆದುಕೊಂಡಿದ್ದು. ಏನು ಮಾಡಲಿ?

ಬಿ_ಸೀರೀಸ್_ಕುಮಾರ್
ರಾಘು ಸರ್, ಇದಕ್ಕೆ ಒಂದೇ ಮದ್ದು. 14 ಇಂಚಿನ ಸ್ಟಿಯರಿಂಗ್ ಹಾಕಿ. ಕಂಪನಿ ಸ್ಟಿಯರಿಂಗ್ 15 ಇಂಚಿಗಿಂತ ದೊಡ್ಡದು. ಅದಕ್ಕೇ ಮಂಡಿ ಬಡಿಯುತ್ತದೆ. ನಾನು 2009ರಲ್ಲಿ ಬದಲಾಯಿಸಿದೆ, ಅವತ್ತಿನಿಂದ ತೊಂದರೆ ಇಲ್ಲ.

ಶಾಂತಲಾ_ಜಿಟಿ
ಯಾವ ವರ್ಷದ್ದು? ಮೇಲೆ ತೆರೆದಿರುವ ರೋಡ್‌ಸ್ಟರಾ, ಗಟ್ಟಿ ಚಾವಣಿಯ ಜಿಟಿನಾ? ಜಿಟಿಯ ಗಾಜು ಎತ್ತರ, ಹಾಗಾಗಿ ಕಣ್ಣಿನ ಸಮಸ್ಯೆ ಬರುವುದಿಲ್ಲ. ಸೀಟಿನ ಬಗ್ಗೆ ನೀವು ಏನೂ ಬರೆದಿಲ್ಲ.

ಹೆರಾಲ್ಡ್_ಮೂರ್ತಿ
ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ತಯಾರಾದದ್ದು. ನಾನು 6 ಅಡಿ, ಒಂದು ದಿನವೂ ಮಂಡಿ ತಾಗಿಲ್ಲ. ಅದರ ಟರ್ನಿಂಗ್ ಸರ್ಕಲ್ ಬರೀ 25 ಅಡಿ. ಗಾಂಧಿ ಬಜಾರಿನ ಯಾವ ಅಡ್ಡರಸ್ತೆಯಲ್ಲಾದರೂ ಒಂದೇ ಸಲಕ್ಕೆ ತಿರುಗಿಸುತ್ತೇನೆ. ಬಾನೆಟ್ ಪೂರ್ತಿ ಮುಂದಕ್ಕೆ ಮಗುಚುತ್ತದೆ, ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಫೋಟೋ ಹಾಕಿದ್ದೇನೆ.

ಉದ್ದ_ರಾಘು
1972, ರೋಡ್‌ಸ್ಟರ್, ಕ್ರೋಮ್ ಬಂಪರ್, ಬಲಗೈ ಡ್ರೈವ್. ಕಣ್ಣಿನ ಮುಂದೆ ಪಟ್ಟಿ ಬರುತ್ತದೆ ಅಂದಮೇಲೆ ರೋಡ್‌ಸ್ಟರ್ ಅಲ್ದೆ ಇನ್ನೇನು? ಮೂರ್ತಿಯವರೇ, ನಿಮ್ಮ ಹೆರಾಲ್ಡ್ ಚೆನ್ನಾಗಿದೆ, ಆದರೆ ನನ್ನ ಮಂಡಿಗೆ ಅದರಿಂದ ಏನೂ ಆಗುವುದಿಲ್ಲ.

ಬಿ_ಸೀರೀಸ್_ಕುಮಾರ್
ಲೆಕ್ಕ ಹೇಳ್ತೀನಿ ಕೇಳಿ. ಹದಿನೈದೂವರೆ ಇಂಚಿನಿಂದ 14ಕ್ಕೆ ಇಳಿದರೆ ವ್ಯಾಸದಲ್ಲಿ ಒಂದೂವರೆ ಇಂಚು ಉಳಿಯಿತು. ಅದರಲ್ಲಿ ಅರ್ಧ ಕೆಳಗಡೆ ಸಿಗುತ್ತದೆ, ಅಂದರೆ ತೊಡೆಯ ಮೇಲೆ ಮುಕ್ಕಾಲು ಇಂಚು ಜಾಗ. ನಡುವೆ ತಗ್ಗಿರುವ ಸ್ಟಿಯರಿಂಗ್ ತೆಗೆದುಕೊಂಡರೆ ಕೈಗೂ ಹತ್ತಿರ ಬರುತ್ತದೆ. ಸೀಟು ಹಿಂದೆ ಇದ್ದರೂ ತೋಳು ಚಾಚಬೇಕಿಲ್ಲ. ಒಂದೇ ಎಚ್ಚರಿಕೆ: ಸ್ಟಿಯರಿಂಗ್ ಕಂಬಿಯ ಹಲ್ಲು ವರ್ಷದಿಂದ ವರ್ಷಕ್ಕೆ ಬೇರೆ. ನಿಮ್ಮ ವರ್ಷಕ್ಕೆ ಸರಿಹೊಂದುವ ಬಾಸ್, ಅಂದರೆ ಸ್ಟಿಯರಿಂಗನ್ನು ಕಂಬಿಗೆ ಹಿಡಿಸುವ ತುಂಡು, ನೋಡಿ ತರಿಸಿ.

ಫ್ಯಾಕ್ಟರಿ_ಫಿಟ್
72ರ ಗಾಡಿಗೆ ಐವತ್ತು ವರ್ಷ ತುಂಬಿದೆ. ವಿಂಟೇಜ್ ನೋಂದಣಿಗೆ, ಅಂದರೆ ವಿಎ ನಂಬರಿಗೆ ಅರ್ಹ. 2021ರ ನಿಯಮದಲ್ಲಿ ಗಾಡಿ ಮೂಲ ರೂಪದಲ್ಲೇ ಇರಬೇಕು ಅಂತ ಬರೆದಿದೆ. ಸುಮ್ನೆ ಸ್ಟಿಯರಿಂಗ್ ಕಿತ್ತು ಹಾಕಬೇಡಿ. ಅರ್ಧ ಶತಮಾನ ಉಳಿದು ಬಂದ ವಸ್ತು ಅದು.

ಬಿ_ಸೀರೀಸ್_ಕುಮಾರ್
ಆ ನಿಯಮ ಹೇಳುವುದು ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಮಾಡಬಾರದು ಅಂತ. ಸುಲಭವಾಗಿ ಬಿಚ್ಚಿ ಬದಲಾಯಿಸುವ ಸ್ಟಿಯರಿಂಗ್ ಅದರಲ್ಲಿ ಎಲ್ಲಿ ಬಂತು? ಬೇಕಾದಾಗ ಹಳೆಯದನ್ನು ವಾಪಸ್ ಹಾಕಬಹುದು.

ಫ್ಯಾಕ್ಟರಿ_ಫಿಟ್
ಇವತ್ತು ಸ್ಟಿಯರಿಂಗ್, ನಾಳೆ ಸೀಟು, ನಾಡಿದ್ದು ಡ್ಯಾಶ್‌ಬೋರ್ಡ್. ಹೀಗೆಯೇ ಗಾಡಿಗಳು ಹಾಳಾಗುವುದು. ನಾನು ನೋಡಿದ್ದೇನೆ. ಅದಕ್ಕೇ ಹೇಳಿದ್ದು.

ಹೊಸಬ_ಮನು
ಸೀಟಿನ ಕೆಳಗೆ ನೆಲ ಕತ್ತರಿಸಿ ಎರಡು ಇಂಚು ತಗ್ಗು ಮಾಡಿಸಿದರೆ ಆಗಲ್ವಾ? ವೆಲ್ಡಿಂಗ್ ಮಾಡುವವರು ಇದ್ದಾರೆ.

ಪೀಣ್ಯ_ಲೇತ್
ಮನು, ಬೇಡ. ದಯವಿಟ್ಟು ಬೇಡ. ಇದಕ್ಕೂ ಮುಂಚಿನ ಮಾಡೆಲ್ ಎಂಜಿಎಗೆ ಬೇರೆ ಚಾಸಿ ಇತ್ತು. 1962ರಲ್ಲಿ ಬಂದ ಎಂಜಿಬಿಗೆ ಅದಿಲ್ಲ, ಬಾಡಿಯೇ ಚಾಸಿ. ಅದರಲ್ಲೂ ರೋಡ್‌ಸ್ಟರಿಗೆ ಮೇಲೆ ಚಾವಣಿ ಇಲ್ಲ, ಇಡೀ ಗಟ್ಟಿತನ ಸಿಲ್ (ಬಾಗಿಲಿನ ಕೆಳಗಿನ ಉದ್ದ ಪೆಟ್ಟಿಗೆ) ಮತ್ತು ನೆಲದಲ್ಲಿದೆ. ಕತ್ತರಿಸಿದರೆ ಬಾಗಿಲಿನ ಸಂದು ಬಿಡಲು ಶುರುವಾಗುತ್ತದೆ. ಇನ್ನು ನಮ್ಮ ಊರಿನ ಹಂಪ್‌ಗಳ ಮೇಲೆ ಎರಡು ಇಂಚು ತಗ್ಗಿದ ನೆಲ ಎಷ್ಟು ದಿನ ಬಾಳುತ್ತದೆ ಯೋಚಿಸಿ.

ಹೆರಾಲ್ಡ್_ಮೂರ್ತಿ
ಹೆರಾಲ್ಡ್‌ಗೆ ಬೇರೆ ಚಾಸಿ ಇದೆ.

ಶಾಂತಲಾ_ಜಿಟಿ
ರಾಘು ಅವರೇ, ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ನಮ್ಮ ತಮ್ಮ 6 ಅಡಿ 4 ಇಂಚು. ನನ್ನ ಜಿಟಿಯಲ್ಲಿ ಮೈಸೂರಿಗೆ ಹೋಗಿ ಬರುತ್ತಾನೆ, ಮಂಡಿ ತಾಗುವುದಿಲ್ಲ. ನಿಮ್ಮ ಕಾಲಮಾನದ ಎಂಜಿಬಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 91 ಇಂಚು, ಎಂಜಿಎಗಿಂತ ಮೂರು ಇಂಚು ಕಡಿಮೆ. ಆದರೂ ಒಳಗೆ ಜಾಗ ಜಾಸ್ತಿ. ಎತ್ತರದವರು ಒದ್ದಾಡುವುದು ಎಂಜಿಯ ಚಿಕ್ಕ ಕಾರು ಮಿಡ್ಜೆಟ್‌ನಲ್ಲಿ, ಅದು ಬರೀ 80 ಇಂಚು. ಹಾಗಾಗಿ ನಿಮ್ಮ ಗಾಡಿಯಲ್ಲಿ ಏನೋ ಒಂದು ಸರಿ ಇಲ್ಲ.

ಸೀಟನ್ನು ಬಿಚ್ಚಿ ತಲೆಕೆಳಗು ಮಾಡಿ ಒಂದು ಫೋಟೋ ಹಾಕಿ. ಕೆಳಗೆ ಕಪ್ಪು ರಬ್ಬರ್ ಹಾಳೆ ಕಾಣಬೇಕು, ಸುತ್ತಲೂ ಕೊಕ್ಕೆಯಿಂದ ಚೌಕಟ್ಟಿಗೆ ಎಳೆದು ಕಟ್ಟಿರುತ್ತದೆ. ಕಾಣುತ್ತದಾ?

ಉದ್ದ_ರಾಘು
ರಬ್ಬರ್ ಇಲ್ಲ, ಪ್ಲೈವುಡ್ ಇದೆ. ಸೀಟು ಹೊಸದಾಗಿ ಮಾಡಿಸಿದ್ದು. ತೆಗೆದುಕೊಂಡಾಗ ಹರಿದು ಕುಸಿದಿತ್ತು. ಕುಶನ್ ಕೆಲಸದವರಿಗೆ ಕೊಟ್ಟೆ. ಅವರು ಅರ್ಧ ಇಂಚಿನ ಪ್ಲೈವುಡ್ ಹಾಕಿ ಮೇಲೆ 4 ಇಂಚಿನ ಗಟ್ಟಿ ಫೋಮ್ ಹಾಕಿಕೊಟ್ಟರು. ಹೊಲಿಗೆ ತುಂಬಾ ಚೆನ್ನಾಗಿದೆ. ಸೀಟು ಹೊಸದು, ಮೆತ್ತಗಿದೆ, ಹಾಗಾಗಿ ಅದು ಸಮಸ್ಯೆ ಅನ್ನಿಸಲಿಲ್ಲ. ಅದಕ್ಕೇ ಬರೆಯಲಿಲ್ಲ.

ಶಾಂತಲಾ_ಜಿಟಿ
ಇದೇ ನೋಡಿ.

ಮೂಲ ಸೀಟಿನಲ್ಲಿ ನೀವು ಫೋಮಿನ ಮೇಲೆ ಕೂರುವುದಲ್ಲ, ಫೋಮ್ ಸಮೇತ ರಬ್ಬರ್ ಹಾಳೆಯೊಳಗೆ ಇಳಿಯುತ್ತೀರಿ. ತೂಕ ಬಿದ್ದಾಗ ಹಾಳೆ ಕೆಳಕ್ಕೆ ಜೋತು ಬೀಳುತ್ತದೆ, ಸೊಂಟ ಚೌಕಟ್ಟಿನ ನಡುವೆ ಕೂರುತ್ತದೆ. ಪ್ಲೈವುಡ್ ಒಂದಿಷ್ಟೂ ಬಗ್ಗುವುದಿಲ್ಲ. ಮೇಲೆ 4 ಇಂಚಿನ ಗಟ್ಟಿ ಫೋಮ್ ಹಾಕಿದರೆ ಅದೂ ಹೆಚ್ಚು ಕುಸಿಯುವುದಿಲ್ಲ. ನೀವು ಸೀಟಿನ ಒಳಗೆ ಕೂತಿಲ್ಲ, ಸೀಟಿನ ಮೇಲೆ ಕೂತಿದ್ದೀರಿ. ಅದಕ್ಕೇ ವಿಂಡ್‌ಸ್ಕ್ರೀನ್ ಪಟ್ಟಿ ಕಣ್ಣಿಗೆ ಬರುತ್ತಿರುವುದು.

ಒರಗುವ ಭಾಗಕ್ಕೂ ಅದೇ ಫೋಮ್ ಹಾಕಿದ್ದಾರಾ ನೋಡಿ. ಬೆನ್ನಿನ ಹಿಂದೆ ಒಂದು ಇಂಚು ದಪ್ಪ ಜಾಸ್ತಿಯಾದರೆ ನಿಮ್ಮ ಸೊಂಟ ಒಂದು ಇಂಚು ಮುಂದೆ ಬಂದ ಹಾಗೆ. ಸೀಟನ್ನು ಎಷ್ಟು ಹಿಂದೆ ತಳ್ಳಿದರೂ ಅದು ವಾಪಸ್ ಸಿಗುವುದಿಲ್ಲ.

ಬಿ_ಸೀರೀಸ್_ಕುಮಾರ್
ಸರಿ, ಆದರೆ ಸೊಂಟ ಕೆಳಗಿಳಿದರೆ ಮಂಡಿ ಇಳಿಯುತ್ತದಾ? ಹಿಮ್ಮಡಿ ಇರುವ ಕಡೆಯೇ ಇರುತ್ತದೆ. ಮಂಡಿ ಇನ್ನೂ ಮಡಚಿ ನಿಲ್ಲುತ್ತದೆ. ಸ್ಟಿಯರಿಂಗ್ ಚಿಕ್ಕದು ಮಾಡದೆ ಪೂರ್ತಿ ಪರಿಹಾರ ಇಲ್ಲ.

ಶಾಂತಲಾ_ಜಿಟಿ
ಕುಮಾರ್ ಸರ್, ನೀವು ಹೇಳಿದ್ದರಲ್ಲಿ ಅರ್ಧ ನಿಜ. ಸೀಟು ಬರೀ ತಗ್ಗಿಸಿದರೆ ಕಣ್ಣಿಗೆ ಮಾತ್ರ ಅನುಕೂಲ. ಮಂಡಿಗೆ ಬೇಕಾಗುವುದು ಸೊಂಟ ಹಿಂದಕ್ಕೆ ಹೋಗುವುದು. ಅದಕ್ಕೇ ಬೆನ್ನಿನ ಫೋಮ್ ಬಗ್ಗೆ ಕೇಳಿದ್ದು. ಎರಡೂ ಒಟ್ಟಿಗೆ ಆಗಬೇಕು. ಸ್ಟಿಯರಿಂಗ್‌ಗೆ ದುಡ್ಡು ಹಾಕುವ ಮೊದಲು ಇದನ್ನು ನೋಡಲಿ.

ಪೀಣ್ಯ_ಲೇತ್
ಇನ್ನೊಂದು ವಿಷಯ. ಸೀಟು ಜಾರುವ ಹಳಿ, ಅಂದರೆ ರನ್ನರ್ ಕೆಳಗೆ ಮರದ ಪಟ್ಟಿಗಳು ಇರುತ್ತವೆ. ಅದನ್ನು ತೆಗೆದರೆ ಇನ್ನೂ ಅರ್ಧ ಇಂಚಿನಷ್ಟು ತಗ್ಗುತ್ತದೆ. ಆದರೆ ಆಗ ರನ್ನರ್ ಕಾರ್ಪೆಟ್‌ಗೆ ಸಿಕ್ಕಿಕೊಳ್ಳುತ್ತದೆ. ಆ ಜಾಗದಲ್ಲಿ ಕಾರ್ಪೆಟ್ ಕತ್ತರಿಸಿ, ಸೀಟು ಸರಾಗವಾಗಿ ಜಾರಿ ಪ್ರತಿ ಹಲ್ಲಿನಲ್ಲೂ ಲಾಕ್ ಆಗುತ್ತದಾ ನೋಡಿ. ಲಾಕ್ ಆಗದ ಸೀಟಲ್ಲಿ ಬ್ರೇಕ್ ಹಾಕುವುದು ಅಪಾಯ.

ಬೋಲ್ಟ್‌ಗಳು ಯುಎನ್‌ಎಫ್ ಥ್ರೆಡ್, ಅಂದರೆ ಇಂಚಿನ ಅಳತೆಯವು. ಮೆಟ್ರಿಕ್ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ನೆಲಕ್ಕೆ ಹಿಡಿಸಿರುವ ನಟ್ಟಿನ ಥ್ರೆಡ್ ಹೋಗುತ್ತದೆ, ಆಮೇಲೆ ದೊಡ್ಡ ತಲೆನೋವು. ಮರದ ಪಟ್ಟಿ ತೆಗೆದ ಮೇಲೆ ಉದ್ದ ಕಡಿಮೆಯ ಬೋಲ್ಟ್ ಬೇಕು. ಜೆ.ಸಿ. ರಸ್ತೆಯಲ್ಲಿ ಹಳೇ ಬೋಲ್ಟ್ ತೋರಿಸಿ ಹೈ ಟೆನ್ಸೈಲ್ ಅಂತಲೇ ಕೇಳಿ. ಸಿಗದಿದ್ದರೆ ಹೇಳಿ, ನಾನು ಸರಿಯಾದ ಅಳತೆಗೆ ಕತ್ತರಿಸಿ ಕೊಡ್ತೀನಿ.

ಫ್ಯಾಕ್ಟರಿ_ಫಿಟ್
ಮರದ ಪಟ್ಟಿ ಬಿಸಾಡಬೇಡಿ. ರಬ್ಬರ್ ಹಾಳೆ ಹಾಕಿಸುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೂಲದಲ್ಲಿ ಇದ್ದದ್ದೇ ಅದು.

ಹೊಸಬ_ಮನು
ರಬ್ಬರ್ ಹಾಳೆ ಇಲ್ಲಿ ಸಿಗದಿದ್ದರೆ?

ಪೀಣ್ಯ_ಲೇತ್
ಇಂಗ್ಲೆಂಡಿನಿಂದ ತರಿಸಬಹುದು, ಇನ್ನೂ ತಯಾರಾಗುತ್ತದೆ. ಅಲ್ಲಿಯವರೆಗೆ ಸೋಫಾ ಮಾಡುವವರು ಬಳಸುವ ಅಗಲದ ಎಲಾಸ್ಟಿಕ್ ಪಟ್ಟಿ ಸಾಕು. ಉದ್ದಕ್ಕೂ ಅಡ್ಡಕ್ಕೂ ಹೆಣೆದು ಎಳೆದು ಕಟ್ಟಿಸಿ. ಒಬ್ಬರ ಗಾಡಿಗೆ ಹಾಗೆ ಮಾಡಿಕೊಟ್ಟಿದ್ದೆ, ಚೆನ್ನಾಗಿ ನಿಂತಿದೆ.

ಶಾಂತಲಾ_ಜಿಟಿ
ಕೆಲಸಕ್ಕೆ ಕೊಡುವ ಮೊದಲು ಅಳತೆ ತೆಗೆದುಕೊಳ್ಳಿ. ನೀವು ಸೀಟಿನಲ್ಲಿ ಪೂರ್ತಿ ತೂಕ ಬಿಟ್ಟು ಕೂತಿರಬೇಕು, ಇನ್ನೊಬ್ಬರು ಟೇಪು ಹಿಡಿಯಬೇಕು. ನೆಲದಿಂದ ಸೊಂಟದ ಮೂಳೆಗೆ ಎಷ್ಟು, ಸೊಂಟದಿಂದ ಕ್ಲಚ್ ಪೆಡಲಿಗೆ ಎಷ್ಟು, ಕಣ್ಣಿನಿಂದ ವಿಂಡ್‌ಸ್ಕ್ರೀನ್ ಪಟ್ಟಿಯ ಕೆಳಗಿನ ಅಂಚಿಗೆ ಎಷ್ಟು. ಖಾಲಿ ಸೀಟಿನ ಅಳತೆ ಬೇಡ, ಅದು ದಾರಿ ತಪ್ಪಿಸುತ್ತದೆ. ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ಅಳೆಯಿರಿ.

ಹೆರಾಲ್ಡ್_ಮೂರ್ತಿ
ಈ ಭಾನುವಾರ ಬಿಡದಿಗೆ ತಟ್ಟೆ ಇಡ್ಲಿಗೆ ಯಾರು ಬರ್ತೀರಿ? ನಾನು ಆರು ಗಂಟೆಗೆ ಹೆರಾಲ್ಡ್ ತಗೊಂಡು ಹೊರಡ್ತೀನಿ. ಹೊಸದಾಗಿ ಕಾರ್ಬುರೇಟರ್ ಮಾಡಿಸಿದ್ದೇನೆ, ಚೋಕ್ ಇಲ್ಲದೆ ಸ್ಟಾರ್ಟ್ ಆಗ್ತಿದೆ.

ಬಿ_ಸೀರೀಸ್_ಕುಮಾರ್
ಬರ್ತೀನಿ ಮೂರ್ತಿಯವರೇ. ನನ್ನದರ ಎರಡೂ ಎಸ್‌ಯು ಕಾರ್ಬುರೇಟರ್ ಹೋದ ವಾರ ಹೊಂದಿಸಿದೆ. ಐಡಲ್ ಎಷ್ಟು ಸಮ ಇದೆ ಅಂದರೆ ಬಾನೆಟ್ ಮೇಲೆ ನಾಣ್ಯ ನಿಲ್ಲಿಸಬಹುದು.

ಉದ್ದ_ರಾಘು
ಮೂರು ವಾರ ಆಯಿತು, ಕ್ಷಮಿಸಿ. ಕೆಲಸ ಮುಗಿದ ಮೇಲೆಯೇ ಬರೆಯಬೇಕು ಅಂದುಕೊಂಡಿದ್ದೆ.

ಪ್ಲೈವುಡ್ ತೆಗೆಸಿದೆ. ಸದ್ಯಕ್ಕೆ ಎಲಾಸ್ಟಿಕ್ ಪಟ್ಟಿ ಕಟ್ಟಿಸಿದ್ದೇನೆ, ರಬ್ಬರ್ ಹಾಳೆಗೆ ಆರ್ಡರ್ ಕೊಟ್ಟಿದ್ದೇನೆ. ಫೋಮ್ ಎರಡು ಇಂಚಿಗೆ ಇಳಿಸಿ, ಕೂರುವ ಜಾಗದಲ್ಲಿ ಇನ್ನೂ ಸ್ವಲ್ಪ ಕೆತ್ತಿಸಿದೆ. ಒರಗುವ ಭಾಗ ಬಿಚ್ಚಿದಾಗ ಶಾಂತಲಾ ಮೇಡಂ ಹೇಳಿದ್ದೇ ಕಾಣಿಸಿತು. ಹಳೇ ಫೋಮಿನ ಮೇಲೆಯೇ ಒಂದೂವರೆ ಇಂಚಿನ ಹೊಸ ಫೋಮ್ ಅಂಟಿಸಿದ್ದರು. ಅದನ್ನೂ ತೆಗೆಸಿದೆ. ಮರದ ಪಟ್ಟಿ ತೆಗೆದು ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದೇನೆ. ಬೋಲ್ಟ್ ಪೀಣ್ಯದಿಂದಲೇ ಬಂತು, ದುಡ್ಡೂ ತೆಗೆದುಕೊಳ್ಳಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ.

ಮನೆಯವರು ಟೇಪು ಹಿಡಿದರು. ಫೋಮ್ ಮತ್ತು ಪ್ಲೈವುಡ್‌ನಿಂದ ಸೊಂಟ ಎರಡೂಕಾಲು ಇಂಚು ಇಳಿದಿದೆ, ಮರದ ಪಟ್ಟಿಯಿಂದ ಇನ್ನರ್ಧ. ಹಿಂದಕ್ಕೆ ಒಂದೂವರೆ ಇಂಚು ಹೋಗಿದ್ದೇನೆ. ಈಗ ವಿಂಡ್‌ಸ್ಕ್ರೀನ್ ಪಟ್ಟಿ ಕಣ್ಣಿಗಿಂತ ಮೇಲಿದೆ, ತಲೆ ಬಗ್ಗಿಸದೆ ಸಿಗ್ನಲ್ ಕಾಣುತ್ತದೆ. ನಿನ್ನೆ ಬೆಳಿಗ್ಗೆ ನಂದಿ ಬೆಟ್ಟದ ತುದಿಯವರೆಗೂ ಹೋಗಿ ಬಂದೆ. ಬೆನ್ನು ನೋಯಲಿಲ್ಲ. ಇಳಿಯುವಾಗ ಬಿಸಿಲು ಬಂತು, ಮೇಲಿನ ಬಟ್ಟೆ ಹುಡ್ ತೆಗೆದೇ ಬಂದೆ. ಹತ್ತು ವರ್ಷ ಕಾದದ್ದು ಇದಕ್ಕೇ.

ಎಡ ಮಂಡಿ ಮಾತ್ರ ಕ್ಲಚ್ ಪೂರ್ತಿ ಬಿಟ್ಟಾಗ ಈಗಲೂ ಸ್ಟಿಯರಿಂಗ್ ಅಂಚಿಗೆ ಸವರುತ್ತದೆ. ಬಡಿಯುವುದಿಲ್ಲ, ಸವರುತ್ತದೆ.

ಬಿ_ಸೀರೀಸ್_ಕುಮಾರ್
ಆ ಮುಕ್ಕಾಲು ಇಂಚು ಇಲ್ಲೇ ಬೇಕಾಗಿರುವುದು ರಾಘು ಸರ್. ಭಾನುವಾರ ನಮ್ಮ ಮನೆಗೆ ಬನ್ನಿ, ಜಯನಗರ 4ನೇ ಬ್ಲಾಕ್. ನನ್ನದರಲ್ಲಿ ಕೂತು ನೋಡಿ. ಇಷ್ಟವಾದರೆ ಆಮೇಲೆ ತರಿಸಿ.

ಫ್ಯಾಕ್ಟರಿ_ಫಿಟ್
ಕೂತು ನೋಡಿ ತೀರ್ಮಾನ ಮಾಡಿ, ಅದು ಸರಿ. ಬದಲಾಯಿಸಿದರೂ ಹಳೆಯದನ್ನು ಮರದ ಪಟ್ಟಿಯ ಜೊತೆಗೇ ಇಡಿ.

ಶಾಂತಲಾ_ಜಿಟಿ
ನಂದಿ ತುದಿಯ ಫೋಟೋ ಹಾಕಿ! ಮಂಡಿ ಸವರುವುದಕ್ಕೆ ಇನ್ನೊಂದು ನೋಡಿ. ಹೊಸ ಕಾರ್ಪೆಟ್ ಹಾಕಿಸಿದ್ದೀರಾ? ಅದರ ಕೆಳಗೆ ದಪ್ಪ ಫೆಲ್ಟ್ ಇದ್ದರೆ ಹಿಮ್ಮಡಿ ಅಷ್ಟು ಮೇಲೆ ಬರುತ್ತದೆ, ಮಂಡಿಯೂ ಅಷ್ಟೇ ಮೇಲೆ ಬರುತ್ತದೆ.

ಉದ್ದ_ರಾಘು
ಹಾಕಿಸಿದ್ದೇನೆ. ಫೆಲ್ಟ್ ಎರಡು ಪದರ ಇದೆ, ಬಿಸಿ ಬರಬಾರದು ಅಂತ. ಈಗಲೇ ಕೆಳಗೆ ಹೋಗಿ ಹಿಮ್ಮಡಿ ಇರುವ ಕಡೆ ಒಂದು ಪದರ ಎತ್ತಿ ನೋಡ್ತೀನಿ.