ಮಳೆ ಕೈಕೊಟ್ಟಿದೆ, ಏನು ಮಾಡೋಣ? ಚಿತ್ರದುರ್ಗ ರೈತರ ಗುಂಪಿನಲ್ಲಿ ಪ್ರಶ್ನೋತ್ತರ

ಚಳ್ಳಕೆರೆ: ಮೇಡಂ, ನಮಸ್ಕಾರ. ಶೇಂಗಾ ಊಡು (ಹೂವಿನಿಂದ ನೆಲಕ್ಕಿಳಿದು ಕಾಯಿ ಕಟ್ಟೋ ಎಳೆ) ಇಳಿಯೋ ಹೊತ್ತು. ಮೂರು ವಾರದಿಂದ ಹನಿ ಇಲ್ಲ. ಮಳೆ ಯಾವಾಗ?

ಹವಾಮಾನ ತಜ್ಞೆ: ನಮಸ್ಕಾರ. ಇನ್ನು ಐದು ದಿನ ಬರೀ ಮೋಡ, ಗಾಳಿ. ಪಡುವಣ ಗಾಳಿಯ ಮಳೆ ಬಹುಪಾಲು ಘಟ್ಟದಲ್ಲೇ ಸುರಿದುಹೋಗುತ್ತದೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಈಗ ಸಾಲುಗಳ ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯಬೇಡಿ, ಊಡು ಕಿತ್ತುಬರುತ್ತವೆ. ನೀರಿದ್ದರೆ ಒಂದು ಸಲ ಕೊಡಿ.

ಹಿರಿಯೂರು: ಮಳೆ ಯಾವಾಗ ಮೇಡಂ?

ತಜ್ಞೆ: ಮೇಲೆ ಬರೆದಿದ್ದೇನೆ.

ಜಗಳೂರು: ಮೆಕ್ಕೆಜೋಳದ ಗರಿ ಸುತ್ತಿಕೊಂಡಿದೆ. ಯೂರಿಯಾ ಹಾಕಲಾ? 2023ರಲ್ಲಿ 223 ತಾಲ್ಲೂಕು ಬರಪೀಡಿತ ಅಂದಿದ್ದರು. ಈ ಸಲವೂ ಹಾಗೇನಾ?

ತಜ್ಞೆ: ಒಣ ನೆಲಕ್ಕೆ ಯೂರಿಯಾ ಬೇಡ.

ಮೊಳಕಾಲ್ಮೂರು: ಜೋಳ ಮೊಣಕಾಲೆತ್ತರಕ್ಕೇ ನಿಂತಿದೆ. ತೆನೆ ಬರಲ್ಲ. ಮೇವೂ ಇಲ್ಲ, ದನ ಬಿಟ್ಟು ಮೇಯಿಸೋಣ ಅಂತ.

ತಜ್ಞೆ: ದಯವಿಟ್ಟು ಬಿಡಬೇಡಿ. ಬಾಡಿದ ಎಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ. ಮಳೆ ಬಿದ್ದ ಮೇಲೆ ಕೂಳೆಯಲ್ಲಿ, ಅಂದರೆ ಕೊಯ್ದುಳಿದ ಬುಡದಲ್ಲಿ, ಒಡೆಯುವ ಚಿಗುರು ಇನ್ನೂ ಅಪಾಯ. ಹಸಿದ ದನ ಒಂದೇ ಸಲ ಮೇಯ್ದರೆ ಸ್ವಲ್ಪ ಹೊತ್ತಿಗೇ ಏದುಸಿರು, ಬಾಯಲ್ಲಿ ನೊರೆ, ನಡುಕ, ಆಮೇಲೆ ಬಿದ್ದುಬಿಡುತ್ತದೆ. ಕೊಯ್ದು, ತೆಳ್ಳಗೆ ಹರಡಿ, ದಂಟು ಪಟ್ಟನೆ ಮುರಿಯುವಷ್ಟು ಒಣಗಿಸಿದರೆ ಈ ವಿಷ ಬಹಳಷ್ಟು ಇಳಿಯುತ್ತದೆ. ಆದರೆ ಯೂರಿಯಾ ಹಾಕಿದ ಹೊಲದಲ್ಲಿ ನೈಟ್ರೇಟ್ ಎಂಬ ಇನ್ನೊಂದು ವಿಷ ಕೂಡ ಸೇರಿರಬಹುದು. ಅದು ಒಣಗಿಸಿದರೂ ಹೋಗಲ್ಲ. ನೀವು ಯೂರಿಯಾ ಹಾಕಿದ್ದಿರಾ?

ಹೊಸದುರ್ಗ: ಭಯ ಬೇಡ. ದನ ಬಿದ್ದರೆ ಮಜ್ಜಿಗೆಗೆ ಬೆಲ್ಲ, ಎಣ್ಣೆ ಕಲಸಿ ಗೊಟ್ಟದಲ್ಲಿ (ಬಿದಿರಿನ ಕೊಳವೆ) ಬಾಯಿಗೆ ಹಾಕಿ. ಫಾರ್ವರ್ಡ್ ಬಂದಿದೆ.

ತಜ್ಞೆ: ಇದನ್ನು ಯಾರೂ ಹಂಚಬೇಡಿ. ಏದುಸಿರು ಬಿಡುವ ದನಕ್ಕೆ ಗೊಟ್ಟ ಹಾಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮದ್ದನ್ನು ರಕ್ತನಾಳಕ್ಕೇ ಕೊಡಬೇಕು, ಅದು ಪಶುವೈದ್ಯರ ಕೆಲಸ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಹೊಸದುರ್ಗ: ನಮ್ಮಜ್ಜ ಹಾಕ್ತಿದ್ದರು, ಉಳೀತಿದ್ದವು.

ಚಳ್ಳಕೆರೆ: ಸತ್ತವನ್ನ ಯಾರು ಲೆಕ್ಕ ಇಟ್ಟಿದ್ದರು?

ಹೊಳಲ್ಕೆರೆ: ಮೇಡಂ, ಬೋರ್ ಬತ್ತಿದೆ. ಇನ್ನೂ ಆಳಕ್ಕೆ ಕೊರೆಸಲಾ?

ಚಳ್ಳಕೆರೆ: ಅಡಿಕೆಗೆ ಹಗಲು ರಾತ್ರಿ ಎತ್ತಿದರೆ ಬತ್ತದೇ ಇರುತ್ತಾ? ನಮಗೆ ಕುಡಿಯೋಕೇ ನೀರಿಲ್ಲ.

ಹೊಳಲ್ಕೆರೆ: ಮಾತು ನೋಡ್ಕೊಂಡು ಆಡಿ. ಸಾಲ ಮಾಡಿ ಕಟ್ಟಿದ ತೋಟ, ಸುಮ್ನೆ ಬಂದಿದ್ದಲ್ಲ.

ಚಳ್ಳಕೆರೆ: ಸಾಲ ನಮಗಿಲ್ವಾ?

ಹಿರಿಯೂರು: ಮೇಡಂ, ಮಳೆ?

ತಜ್ಞೆ: ಮಂಗಳವಾರ, ಶುಕ್ರವಾರ ಹೊಸ ಮುನ್ಸೂಚನೆ ಬರುತ್ತದೆ. ಅಲ್ಲಿಯವರೆಗೆ ಕೇಳಬೇಡಿ. ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಮೊಳಕಾಲ್ಮೂರಿನವರೇ, ಯೂರಿಯಾ ಹಾಕಿದ್ದಿರಾ ಅಂತ ಕೇಳಿದ್ದೆ.

ಮೊಳಕಾಲ್ಮೂರು: ಒಂದು ಚೀಲ ಹಾಕಿದ್ದೆ ಮೇಡಂ. ತಮ್ಮ ಆಗಲೇ ಎರಡು ಹಸು ಹೊಲಕ್ಕೆ ಹೊಡ್ಕೊಂಡು ಹೋಗಿದ್ದಾನೆ.

ತಜ್ಞೆ: ಇಲ್ಲಿ ಬರೀತಾ ಕೂರಬೇಡಿ. ತಮ್ಮನಿಗೆ ಈಗಲೇ ಫೋನ್ ಮಾಡಿ, ವಾಪಸ್ ಹೊಡ್ಕೊಂಡು ಬರಲಿ.